ಶೀಟಿನಲ್ಲಿ ಉಳಿದ ಮೊಸರನ್ನ

ಯುಗಾದಿ ಊಟಕ್ಕೆ ಯಾರ ಮನೆಯಿಂದ ಏನು ಬರುತ್ತದೆ ಅಂತ ಬರೆಯಲು ನಾನೊಂದು ಸ್ಪ್ರೆಡ್‌ಶೀಟ್ ಮಾಡಿ, ಈ ಪರದೇಶದ ನಮ್ಮ ಕನ್ನಡ ಕೂಟದವರಿಗೆಲ್ಲ ಲಿಂಕ್ ಕಳಿಸಿದ್ದೆ. ಬೆಳಿಗ್ಗೆ ತುಂಬಿರುತ್ತಿದ್ದ ಶೀಟಿನಲ್ಲಿ ಸಂಜೆ ಒಂದೇ ಸಾಲು: ಮೂರ್ತಿ ಅಂಕಲ್, ಮೊಸರನ್ನ. ಹಳೇ ವರ್ಷನ್ ವಾಪಸ್ ತಂದರೆ ಮರುದಿನ ಮತ್ತೆ ಅದೇ ಕಥೆ. ಆಫೀಸಿನಲ್ಲೂ ಇಂಥದ್ದನ್ನೇ ಸರಿಮಾಡುವ ನನಗೆ ಮೈಯೆಲ್ಲ ಉರಿಯಿತು.

ಡ್ರೈವ್ ಮಾಡಿಕೊಂಡು ಪಕ್ಕದ ಊರು ವುಡ್‌ಬ್ರಿಡ್ಜ್‌ನ ಅವರ ಮನೆಗೇ ಹೋದೆ. ಮೊದಲ ಹೆಸರು ಬರೆದವರೇ ಅಂಕಲ್. ಅವರೊಬ್ಬರದೇ ಹೆಸರಿದ್ದಾಗಲೇ ಶೀಟನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ತಮ್ಮ ಹೆಸರು ಇದೆಯಾ ಅಂತ ದಿನಾ ಅದನ್ನೇ ತೆರೆದು ಸೇವ್ ಮಾಡುತ್ತಿದ್ದರು. ನನ್ನೆದುರೂ ಮಾಡಿ ತೋರಿಸಿದರು. ನಿಮ್ಮ ಪ್ರತಿ ಉಳಿಸಲೇ, ಎಲ್ಲರ ಪ್ರತಿ ಉಳಿಸಲೇ ಅಂತ ಕಂಪ್ಯೂಟರ್ ಕೇಳಿತು. ಅಂಕಲ್ ಯೋಚಿಸದೆ ತಮ್ಮದನ್ನು ಒತ್ತಿದರು.

“ಅಂಕಲ್, ಮಿಕ್ಕವರದ್ದೆಲ್ಲ ಅಳಿಸಿಹೋಯ್ತು.”

“ಅವರದ್ದು ಅವರು ನೋಡ್ಕೋಬೇಕಪ್ಪ. ನಂದು ಸೇಫಾಗಿದೆಯಲ್ಲ.”

ಎಡಿಟ್ ಪರ್ಮಿಷನ್ ಕಿತ್ತುಹಾಕೋಣ ಅಂದರೆ ಅವರೇ ಕೂಟದ ಅಧ್ಯಕ್ಷರು. ಇನ್ನು ತೆರೆಯಬೇಡಿ ಅಂತ ಕೈಮುಗಿದು, ಆಂಟಿ ಕೊಟ್ಟ ಕಾಫಿ ಕುಡಿದು ಬಂದೆ. ಹಬ್ಬದ ಹಿಂದಿನ ದಿನ ಅಂಕಲ್ ಮತ್ತೆ ತೆರೆದು ಸೇವ್ ಮಾಡಿದರು.

ಒಂದೇ ಸಾಲಿನ ಶೀಟು ನೋಡಿದ ಪ್ರತಿಯೊಬ್ಬರೂ ಯಾರೂ ಚಿತ್ರಾನ್ನ ತರುತ್ತಿಲ್ಲ ಅಂದುಕೊಂಡು ತಾವೇ ಕಲಸಿ ತಂದರು. ಹಬ್ಬದ ದಿನ ಊಟದ ಹಾಲ್ ತುಂಬ ಚಿತ್ರಾನ್ನದ ಟ್ರೇಗಳು. ಪಲ್ಯವಿಲ್ಲ, ಸಾರಿಲ್ಲ. ಅಂಕಲ್ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತು, “ಈ ಸಲ ಶೀಟ್ ನೋಡ್ಕೊಂಡೋರು ಯಾರಪ್ಪ?” ಅಂತ ಎಲ್ಲರಿಗೂ ಕೇಳಿಸುವ ಹಾಗೆ ಅಂದರು.

ಮಾತಾಡಿದರೆ ಜಗಳವಾಗುತ್ತಿತ್ತು. ಬಾಯಿಗೆ ಅವರ ಮೊಸರನ್ನವನ್ನೇ ತುಂಬಿಕೊಂಡೆ. ಹಾಳಾದ್ದು, ಚೆನ್ನಾಗಿ ಬೇರೆ ಇತ್ತು.