ಚನ್ನವೀರನ ಗೋಣು

ಅಮೆರಿಕದ ಕೆನ್ಮೋರಿನಲ್ಲಿದ್ದ ಚನ್ನವೀರ ರೋಣದ ಕಡೆಯವನು. ಅಲ್ಲೇ ಹತ್ತಿರದ ಟಕ್ವಿಲಾ ಊರಿನ ಕಚೇರಿಯೊಂದರಲ್ಲಿ ನಕ್ಷೆ ಮಾಡುವ ಕೆಲಸ. ಮಾತು ಕಡಿಮೆ, ಕೆಲಸ ಚೊಕ್ಕ. 2014ರಲ್ಲಿ ಸ್ಕಾಟ್ಲೆಂಡಿನ ಕೆಲವು ಇತಿಹಾಸಕಾರರು ಹಳೆಯ ಕಣಿವೆಗಳ ನಕ್ಷೆಗಾಗಿ ಹಳ್ಳ-ಕೆರೆಗಳ ಗೇಲಿಕ್ ಹೆಸರುಗಳನ್ನು ಕೂಡಿಸುತ್ತಿದ್ದರು. ಪಕ್ಕದ ಬೀದಿಯ ಮುದುಕಿ ಮೋರಾಗ್ ಅಂಥದೊಂದು ಕಣಿವೆಯವಳು. ಆಕೆಯ ಮಾತು ಧ್ವನಿಮುದ್ರಿಸಿ ಕಳಿಸಲು ಇವನು ತಾನಾಗಿ ಒಪ್ಪಿಕೊಂಡ. ಆ ಕಣಿವೆಯಲ್ಲಿ ಈಗ ಯಾರೂ ಇಲ್ಲ. ಹೆಸರುಗಳು ಉಳಿದಿದ್ದುದು ಆಕೆಯ ಬಾಯಲ್ಲಿ ಮಾತ್ರ. ಗಂಟಲ ಕ್ಯಾನ್ಸರು ಬೇರೆ. ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು.

ಶನಿವಾರ ರೆಕಾರ್ಡ್ ಮಾಡಿ, ಮನೆಗೆ ಬಂದು ಹಾಕಿ ಕೇಳಿದ. ಪ್ರತಿ ಹಳ್ಳಕ್ಕೂ ಆಕೆ ಒಂದು ಹೆಸರು ಹೇಳಿ, ತಡೆದು, ಇನ್ನೊಂದು ಹೇಳಿದ್ದಳು. ಆಕೆಯ ಹಳೆಮನೆಯ ಹಿಂದಿನದು ಮೊದಲು ‘ಔಲ್ಟ್ ಡೂ’, ಅಂದರೆ ಕರಿಹಳ್ಳ. ಆಮೇಲೆ ‘ಔಲ್ಟ್ ರೂಅ’, ಕೆಂಪುಹಳ್ಳ.

“ಮುದುಕಿಗೆ ಮರವು ಬಂದದ. ಯಾವುದನ್ನ ಬರೀಲಿ?”

ಹೆಂಡತಿ ವೈಶಾಲಿ ರೊಟ್ಟಿ ಬಡಿಯುತ್ತಿದ್ದಳು. “ಆಕಿ ಹೇಳುವಾಗ ನೀವೇನ್ ಮಾಡ್ತಿದ್ರಿ?”

“ಏನ್ ಮಾಡ್ಲಿ? ಹೂಂ ಅನ್ನಬಾರ್ದು, ಅದೂ ರೆಕಾರ್ಡ್ ಆಗ್ತದ. ಸುಮ್ನ ಗೋಣ್ ಹಾಕ್ತಿದ್ದೆ.”

“ಹ್ಯಾಂಗ? ಹಾಕಿ ತೋರಸ್ರಿ.”

ಅವನ ಗೋಣು ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿತು.

“ಶಿವನೇ! ಈ ಮಂದಿಗೆ ಅದು ‘ಅಲ್ಲ’ ಅಂದಂಗರೀ. ತಪ್ಪ್ಯಾತಂತ ಆಕಿ ಬ್ಯಾರೆ ಹೆಸರು ಹುಡುಕ್ಯಾಳ.”

ಭಾನುವಾರ ಬೆಳಿಗ್ಗೆಯೇ ಓಡಿದ. ಮೋರಾಗ್‌ಳ ಸ್ವರ ಆಗಲೇ ಸವೆದಿತ್ತು.

“ನಕ್ಷೆ ಮಾಡೋನು, ನೀನೇ ತಲೆಯಾಡಿಸಿ ‘ಅಲ್ಲ’ ಅಂದ್ರೆ ನಾನೇನು ಮಾಡಲಿ? ಆಚೆ ದಂಡೆಯವರು ಕರೀತಿದ್ದ ಹೆಸರು ಹೇಳ್ದೆ.”

ತನ್ನೂರಲ್ಲಿ ಹಾಗೆ ಗೋಣು ಹಾಕಿದರೆ ‘ಹೌದು’ ಎಂದರ್ಥ ಅಂತ ಅವನು ತಿಳಿಸಿ ಹೇಳಿದ. ಹೆಸರುಗಳು ಎರಡೂ ನಿಜ; ಯಾವುದು ಯಾವ ದಂಡೆಯದೆಂದು ತಿಳಿದರಾಯಿತು. ಅವನು ಗದ್ದ ಹಿಡಿದುಕೊಂಡೇ ಕೇಳುತ್ತ ಹೋದ.

“ಕತ್ತು ಉಳುಕಿದೆಯೇನೋ ಹುಡುಗ?” ಎಂದು ಆಕೆ ಚುಚ್ಚಿದಳು.

ಹಳ್ಳಗಳೆಲ್ಲ ಮುಗಿದವು. ಮೇಲಿನ ದೊಡ್ಡ ಕೆರೆಯೊಂದು ಉಳಿಯಿತು. “ಅದಕ್ಕೆ ನಮ್ಮ ಹೆಸರು ಯಾವುದು? ನೀನು ಅಲ್ಲ, ಅಲ್ಲ ಅಂದು ನನಗೇ ಅನುಮಾನ ಹುಟ್ಟಿಸಿಬಿಟ್ಟೆ,” ಎಂದಳು. ಮುಂದೆ ಸ್ವರವೇ ಏಳಲಿಲ್ಲ.

ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಗೆ ಹೋದ. ಕೆರೆಗೆ ಆಕೆ ಹೇಳಿದ್ದ ಮೊದಲ ಹೆಸರನ್ನು ಫೋನಿನಲ್ಲಿ ಕೇಳಿಸಿದ. ಮುದುಕಿ ಕಣ್ಣು ಮುಚ್ಚಿ ಕೇಳಿದಳು. ಮತ್ತೆ ಹಾಕೆಂದು ಬೆರಳು ತೋರಿಸಿದಳು. ಆಮೇಲೆ ಅವಳ ಗೋಣು ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲಿತು.

ಚನ್ನವೀರ ಬಗ್ಗಿ ಆಕೆಯ ಮುಖ ನೋಡಿದ. ಹೌದೋ, ಅಲ್ಲವೋ?

ಆಕೆ ತಲೆದಿಂಬಿನ ಬಳಿಯಿದ್ದ ಬಿಳಿ ಹಲಗೆ ತೆಗೆದುಕೊಂಡು, ಅವಸರವಿಲ್ಲದೆ ಬರೆದಳು: “ನಿಮ್ಮ ಊರಿನ ಹೌದು.”