ಅನ್ನದಿಂದ ಅಂಟಿಸಿದ ಲಕೋಟೆ

ನಮ್ಮಕ್ಕ ಯಾವ ಲಕೋಟೆ ಬಂದರೂ ಮೊದಲು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಳು. "ಮುದ್ರಿ ಮುಟ್ಟಬ್ಯಾಡೋ ತಮ್ಮಾ" ಅನ್ನುವುದು ಅವಳ ಮಾತು.

ಅವಳು ಪೋಲೆಂಡಿನಲ್ಲಿ ಎರಡು ವರ್ಷ ಓದಿ ಕಾರಟಗಿಗೆ ಬಂದಿದ್ದಳು. ಆ ಓದಿನ ಕ್ರೆಡಿಟ್ಟುಗಳನ್ನು ಅಮೆರಿಕದ ಕಾಲೇಜೊಂದು ಒಪ್ಪಿದರೆ ಅಲ್ಲಿ ನೇರ ಮೂರನೇ ವರ್ಷಕ್ಕೆ ಸೇರಬಹುದಿತ್ತು. ಪೋಲೆಂಡಿನಿಂದ ಬಂದ ಅಂಕಪಟ್ಟಿಯ ಲಕೋಟೆಯನ್ನು ಮುದ್ರೆ ಒಡೆಯದೆ ಕಳಿಸಬೇಕಿತ್ತು. ಗಂಗಾವತಿಯಲ್ಲಿ ಕೊರಿಯರಿಗೆ ಹಾಕಲು ನನ್ನ ಕೈಗೆ ಕೊಟ್ಟಳು.

ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವನು. ದಾರಿ ಬದಲಿಸಿ ಹೇಮಗುಡ್ಡಕ್ಕೆ ಹೋಗಿ ಲಕೋಟೆಯನ್ನು ದುರ್ಗಮ್ಮನ ಪಾದಕ್ಕೆ ಮುಟ್ಟಿಸಿದೆ. ಒಳಗಿನ ಅಂಕಿಗಳಿಗೇ ಕುಂಕುಮ ತಾಗಬೇಕು ಅನ್ನಿಸಿತು. ಬಿಚ್ಚಿ ಒಂದು ಚಿಟಿಕೆ ಕುಂಕುಮ ಹಾಕಿದೆ, ಬುತ್ತಿಯ ಅನ್ನದಿಂದ ಮತ್ತೆ ಅಂಟಿಸಿ ಗಂಗಾವತಿಯಲ್ಲಿ ಕೊರಿಯರಿಗೆ ಹಾಕಿದೆ.

"ಯಾರರ ಮುಟ್ಟಿದ್ರೇನೋ?" ಅಂದಳು ಅಕ್ಕ, ನಾನು ಮನೆಗೆ ಬಂದಾಗ.

"ಯಾರೂ ಇಲ್ಲಕ್ಕ."

ಬಿಚ್ಚಿ ಅಂಟಿಸಿದ ಲಕೋಟೆ, ಅಂಚಿನಲ್ಲಿ ಅನ್ನದ ಅಗುಳು, ಒಳಗೆ ಕೆಂಪು ಪುಡಿ, ಒಪ್ಪಲಾಗದು ಎಂದು ಕಾಲೇಜಿನಿಂದ ಉತ್ತರ ಬಂತು. ಹೊಸದು ತರಿಸುವಷ್ಟರಲ್ಲಿ ಗಡುವು ಮುಗಿಯಿತು. ಅಕ್ಕ ಅಳಲಿಲ್ಲ, ನನ್ನನ್ನು ಕೇಳಲೂ ಇಲ್ಲ.

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಒಂದು ಅಗುಳನ್ನು ಬೆರಳಲ್ಲಿ ಅರೆದು ನನ್ನ ತಾಟಿನ ಅಂಚಿಗೆ ಒತ್ತುತ್ತಿದ್ದಳು. "ನಮ್ಮ ಅಕ್ಕಿ ಭಾಳ ಛಲೋ ಅಂಟತೈತಿ, ಅಲ್ಲೇನೋ ತಮ್ಮಾ?" ನಾನು ಆ ಅಗುಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ.

ಅವಳು ಮದುವೆಯಾಗಿ ಯಲಬುರ್ಗಾ ಕಡೆ ಹೋಗಿ ಮೂರು ವರ್ಷವಾಯಿತು. ನನ್ನ ತಾಟನ್ನು ಈಗ ನಾನೇ ತೊಳೆದು ಮಗುಚಿ ಇಡುತ್ತೇನೆ. ಮರುದಿನ ತೆಗೆದಾಗ ಅಂಚಿನಲ್ಲಿ ಅರೆದ ಒಂದು ಅಗುಳು ಅಂಟಿಕೊಂಡಿರುತ್ತದೆ, ಇನ್ನೂ ಹಸಿಯಾಗಿ.