ಮಗಳ ಎಡ ಅಂಗೈ

ಶರಣ ಬಂಧುಗಳೇ, ದೇವರು ಕೇಳಿದ್ದನ್ನೆಲ್ಲ ಕೊಡುತ್ತಾನೆ ಎಂದು ಬರೆಯಲು ನಾನು ಕುಳಿತಿಲ್ಲ. ನನಗೆ ಎಷ್ಟು ಕೊಟ್ಟ ಎಂಬುದನ್ನಷ್ಟೇ ಹೇಳುತ್ತೇನೆ.

2008ರ ಮಳೆಗಾಲ. ನನಗೆ ಐದು ತಿಂಗಳು ತುಂಬಿತ್ತು. ಭದ್ರಾವತಿಯಿಂದ ಅತ್ತೆಯ ಜೊತೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರಮ್ಮ ಒಂದೇ ಕಡೆ ಬಹಳ ಹೊತ್ತು ನೋಡಿದರು. ಗರ್ಭಚೀಲದ ಒಳಪದರ ಹರಿದು, ಅದರ ಎಳೆಯೊಂದು ಮಗುವಿನ ಎಡ ಮಣಿಕಟ್ಟಿಗೆ ಸುತ್ತಿಕೊಂಡಿದೆಯಂತೆ.

"ಬಿಗೀತಾ ಹೋದ್ರೆ ಕೈ ಉಳಿಯೋದು ಕಷ್ಟಮ್ಮ" ಎಂದರು.

ಎಡಗೈ! ನಾವು ಇಷ್ಟಲಿಂಗವನ್ನಿಟ್ಟು ಪೂಜಿಸುವುದೇ ಎಡ ಅಂಗೈಯಲ್ಲಿ. ಎಂಟನೇ ತಿಂಗಳಲ್ಲಿ, ಹುಟ್ಟಲಿರುವ ಮಗುವಿನ ಲಿಂಗವನ್ನು ತಾಯಿಗೆ ಕಟ್ಟುವುದು ನಮ್ಮ ಪದ್ಧತಿ. ಅದಕ್ಕೆಂದು ಅತ್ತೆ ಆ ಬೆಳಿಗ್ಗೆಯಷ್ಟೇ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಲಿಂಗ ಕಟ್ಟುವ ಶಿವದಾರ ಕೊಂಡಿದ್ದರು. ವಾಪಸ್ ಬರುವಾಗ ಆ ಪೊಟ್ಟಣ ನನ್ನ ಮಡಿಲಲ್ಲಿತ್ತು. ದಾರ ಕಂಡರೇ ಮೈ ಉರಿಯುತ್ತಿತ್ತು.

ಮರುದಿನದಿಂದ ಪೂಜೆ ಬಿಟ್ಟೆ. ಕೊರಳಿನ ಲಿಂಗವನ್ನು ತೆಗೆದಿಡುವ ಧೈರ್ಯ ಬರಲಿಲ್ಲ, ಅಂಗೈಗೆ ತರುವ ಮನಸ್ಸೂ ಬರಲಿಲ್ಲ. ನನ್ನ ಮಗುವಿಗಿಲ್ಲದ ಅಂಗೈ ನಿನಗೇಕೆ ಎಂದು ಶಿವನ ಮೇಲೆ ಹಲ್ಲು ಕಡಿದೆ. ಮಗು ಒದ್ದಾಗಲೆಲ್ಲ ಎಳೆ ಇನ್ನಷ್ಟು ಬಿಗಿಯಿತೇನೋ ಎಂದು ಅಳುತ್ತಿದ್ದೆ. ಬೇರೆ ತಾಯಂದಿರು ಕಾದು ಕೂರುವ ಒದೆತವನ್ನು ನಾನು ಬೇಡ ಬೇಡ ಎನ್ನುತ್ತಿದ್ದೆ.

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ಊಟ ಬಿಟ್ಟರೂ ಪೂಜೆ ಬಿಡುವವರಲ್ಲ ಅವರು.

"ಮುನಿಸ್ಕೊ ಮಾರಾಯ್ತಿ, ಅವನೇನು ಕರಗಿ ಹೋಗಲ್ಲ. ನಿನ್ನ ಪಾಲಿಂದೂ ನಾನೇ ಮಾಡ್ತೀನಿ" ಎಂದರು. ಅವರ ಎರಡು ಹೊತ್ತಿನ ಪೂಜೆ ನಾಲ್ಕಾಯಿತು.

ಹತ್ತು ದಿನದ ಮೇಲೆ ಡಾಕ್ಟರಮ್ಮನ ಫೋನ್ ಬಂತು. ಮಗು ಹೊಟ್ಟೆಯಲ್ಲಿರುವಾಗಲೇ ಆಪರೇಷನ್ ಮಾಡುವವರನ್ನು ದೂರದ ಊರೊಂದರಲ್ಲಿ ಅವರೇ ಹುಡುಕಿದ್ದರು. "ಗ್ಯಾರಂಟಿ ಇಲ್ಲಮ್ಮ. ಮಗೂನೇ ಹೋಗ್ಬಹುದು" ಎಂದರು. ಕೈಗೋಸ್ಕರ ಜೀವ ಪಣಕ್ಕಿಡುವುದೇ? ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಹೂಂ ಅಂದವಳು ನಾನೇ.

ಟೇಬಲ್ ಮೇಲೆ ಎಚ್ಚರವಾಗಿಯೇ ಇದ್ದೆ. ಪೆನ್ನಿನ ರೀಫಿಲ್ಲಿನಷ್ಟು ಸಣ್ಣ ಕೊಳವೆ ಹೊಟ್ಟೆಯೊಳಗೆ ಇಳಿಯಿತು. ಬಾಯಿಗೆ ಒಂದು ಮಂತ್ರವೂ ಬರಲಿಲ್ಲ. ಎಡ ಅಂಗೈ ಬಿಚ್ಚಿಟ್ಟುಕೊಂಡು ಮಲಗಿದ್ದೆ, ಅಷ್ಟೇ. ಎಳೆ ಕತ್ತರಿಸಿದ್ದಾಯಿತು ಎಂದರು. ಕೈ ಉಳಿಯುತ್ತದೆಯೇ ಎಂದರೆ, ಹುಟ್ಟಿದ ಮೇಲೆ ನೋಡೋಣ ಎಂದರು.

ಎಂಟನೇ ತಿಂಗಳಲ್ಲಿ ಮಗುವಿನ ಲಿಂಗವನ್ನು ನನಗೆ ಕಟ್ಟಿದರು. ಆಗಲೂ ನನ್ನ ಮನಸ್ಸು ಕಲ್ಲಾಗಿಯೇ ಇತ್ತು.

ಮಗಳು ಹುಟ್ಟಿದಳು. ಮಣಿಕಟ್ಟಿನ ಸುತ್ತ ಆಳವಾದ ಗೆರೆ, ಎರಡು ಬೆರಳು ಮೋಟು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಅತ್ತೆ ಆ ಪುಟ್ಟ ಕೈಯನ್ನು ಮೆಲ್ಲಗೆ ಬಿಡಿಸಿ ಹಿಡಿದರು.

"ಬೆರಳು ಯಾಕೆ ನೋಡ್ತೀಯೆ? ಅಂಗೈ ನೋಡು. ಅವನು ಕೂರೋಕೆ ಜಾಗ ಇದೆ."

ಲಿಂಗವಂತರಿಗೆ ಹೆರಿಗೆಯ ಸೂತಕವಿಲ್ಲ. ಆ ಸಂಜೆಯೇ ವಾರ್ಡಿನ ಮಂಚದ ಮೇಲೆ ಕುಳಿತು, ನಾಲ್ಕು ತಿಂಗಳ ನಂತರ, ನನ್ನ ಲಿಂಗವನ್ನು ಅಂಗೈಗೆ ತಂದುಕೊಂಡೆ. ಅತ್ತೆ ನನ್ನ ಕೈಯ ಕೆಳಗೆ ತಮ್ಮ ಕೈ ಆನಿಸಿದರು.